ಡಾಕ್ಟರ್ ಫ್ರಾನ್ಸಿಸ್ ಬುಕಾನನ್

ಯುದ್ಧಗಳನ್ನು ಗೆದ್ದವರ ಹೆಸರುಗಳೂ ರಾಜ್ಯಗಳನ್ನು ಕಟ್ಟಿದವರ ಹೆಸರುಗಳೂ ಮಕ್ಕಳ ಬಾಯಲ್ಲಿ ಸುಲಭವಾಗಿ ನಿಲ್ಲುವುವು. ಊರೂರಿಗೆ ಹೋಗಿ, ಇಲ್ಲಿನ ಸೇರು ಎಷ್ಟು, ಇಲ್ಲಿನ ಕೊಳಗವೆಷ್ಟು ಎಂದು ವಿಚಾರಿಸಿ ಬರೆದಿಟ್ಟವರ ಕೆಲಸವು ಅಷ್ಟು ಮನೋಹರವಾಗಿ ತೋರಲಾರದು. ಆದರೂ ಅಂಥ ಕೆಲಸದಿಂದಲೇ ಮೈಸೂರು ಸೀಮೆಯ ಚರಿತ್ರೆಯನ್ನು ಬರೆಯುವವರೆಲ್ಲರೂ ಇಂದಿಗೂ ಆಶ್ರಯಿಸುವ ಗ್ರಂಥವೊಂದು ಹುಟ್ಟಿತು. ಅದನ್ನು ಬರೆದವರು ಡಾಕ್ಟರ್ ಫ್ರಾನ್ಸಿಸ್ ಬುಕಾನನರು. ಅವರು ನಮ್ಮ ಜಿಲ್ಲೆಯ ದಾರಿಗಳಲ್ಲಿಯೂ ನಡೆದವರಾದುದರಿಂದ, ಅವರ ಜೀವಿತವನ್ನು ನಮ್ಮ ವಿದ್ಯಾರ್ಥಿನಿಯರೂ ಅವರ ತಾಯಿತಂದೆಗಳೂ ತಿಳಿದಿರುವುದು ಯುಕ್ತವಾಗಿದೆ.

ಬುಕಾನನರು 1762ನೆಯ ಇಸವಿ ಫೆಬ್ರವರಿ 15ನೆಯ ತಾರೀಖು ಸ್ಕಾಟ್ಲೆಂಡ್ ದೇಶದಲ್ಲಿ ಜನಿಸಿದರು. ಎಡಿನ್‌ಬರೊ ವಿಶ್ವವಿದ್ಯಾನಿಲಯದಲ್ಲಿ ವೈದ್ಯಶಾಸ್ತ್ರವನ್ನು ವ್ಯಾಸಂಗ ಮಾಡಿ, 1783ರಲ್ಲಿ ಎಂ.ಡಿ. ಪದವಿಯನ್ನು ಪಡೆದರು. ಸಸ್ಯಶಾಸ್ತ್ರದಲ್ಲಿ ಅವರಿಗೆ ಬಾಲ್ಯದ ಗೆಳತಿಯಂಥ ಪ್ರೀತಿ. ಕೆಲವು ಕಾಲ ಹಡಗುಗಳಲ್ಲಿ ವೈದ್ಯರಾಗಿದ್ದು, 1794ರಲ್ಲಿ ಈಸ್ಟ್ ಇಂಡಿಯಾ ಕಂಪೆನಿಯ ಬಂಗಾಳದ ವೈದ್ಯ ಇಲಾಖೆಯನ್ನು ಸೇರಿದರು. ಮರುವರ್ಷವೇ ರಾಯಭಾರಿಗಳ ಸಂಗಡ ಬರ್ಮಾ ದೇಶಕ್ಕೆ ಹೋಗಿ ಅಲ್ಲಿನ ಗಿಡಮರಗಳನ್ನು ಪರಿಶೀಲಿಸಿದರು.

1799ರಲ್ಲಿ ಶ್ರೀರಂಗಪಟ್ಟಣವು ಬಿದ್ದ ಮೇಲೆ, ಗವರ್ನರ್ ಜನರಲ್ ವೆಲೆಸ್ಲಿಯವರು ಮೈಸೂರು, ಕನ್ನಡ ಜಿಲ್ಲೆ, ಮಲೆಯಾಳ ಸೀಮೆಗಳ ಬೇಸಾಯ, ಕೈಗಾರಿಕೆ, ವ್ಯಾಪಾರ ಮೊದಲಾದುವನ್ನು ವಿಚಾರಿಸಿ ವರದಿ ಮಾಡುವಂತೆ ಅವರನ್ನು ನೇಮಿಸಿದರು. 1800ನೆಯ ಏಪ್ರಿಲ್ ತಿಂಗಳಲ್ಲಿ ಮದರಾಸಿನಿಂದ ಹೊರಟ ಬುಕಾನನರು, ಸುಮಾರು 14 ತಿಂಗಳು ಸಂಚರಿಸಿ, 1801ರಲ್ಲಿ ಚಿತ್ರದುರ್ಗ, ಹಿರಿಯೂರುಗಳನ್ನೂ ನೋಡಿದರು. ಅವರನ್ನು ಕಳುಹಿಸಿದ್ದು ಕಂಪೆನಿಯ ಲಾಭಕ್ಕಾಗಿಯೇ ಎಂಬುದನ್ನು ಮರೆಯಲಾಗದು. ಆದರೆ ಕೆಲಸವನ್ನು ಅವರು ಮಾಡಿದ ರೀತಿ ಶಾಸ್ತ್ರಜ್ಞನದು.

ಅವರಿಗೆ ಮೊದಲು ಎದುರಾದ ತೊಡಕು ಅಳತೆಗಳದು. 20 ಕೊಳಗಕ್ಕೆ ಒಂದು ಖಂಡುಗವೆಂಬ ಲೆಕ್ಕ ಎಲ್ಲರಿಗೂ ತಿಳಿದಿದ್ದರೂ, ಕೊಳಗಕ್ಕೆ ಎಷ್ಟು ಸೇರೆಂಬುದು ಊರಿಂದೂರಿಗೆ ಬೇರೆಯಾಗುತ್ತಿದ್ದಿತು. ಭೂಮಿಯನ್ನೂ ಬಿತ್ತುವ ಬೀಜದಿಂದಲೇ ಎಣಿಸುತ್ತಿದ್ದುದರಿಂದ, ಗದ್ದೆಯ ಖಂಡುಗವೂ ಬೆದ್ದಲಿನ ಖಂಡುಗವೂ ಒಂದೇ ವಿಸ್ತೀರ್ಣವಾಗಿರಲಿಲ್ಲ. ಬುಕಾನನರು ಹೆಸರನ್ನು ಮಾತ್ರ ಕೇಳಿ ತೃಪ್ತರಾಗಲಿಲ್ಲ. ಸ್ಥಳದ ಅಳತೆ ಯಾವುದೆಂದು ವಿಚಾರಿಸಿ, ಕೆಲವೆಡೆ ಗದ್ದೆಯನ್ನು ತಾವೇ ಅಳೆದು, ಪೌಂಡು, ಬುಷೆಲು, ಎಕರೆಗಳಿಗೆ ಪರಿವರ್ತಿಸಿ ಬರೆದರು. ಆದುದರಿಂದಲೇ ಎರಡು ಶತಮಾನಗಳಾದ ಮೇಲೂ ಅವರ ಅಂಕಿಗಳಿಗೆ ಅರ್ಥವಿದೆ.

ಇದರ ಮಹತ್ವವನ್ನು ಒಂದು ಲೆಕ್ಕದಿಂದ ತಿಳಿಯಬಹುದು. ಮೈಸೂರು ಸೀಮೆಯ ಕಚ್ಚಾ ಸೇರು 24 ರೂಪಾಯಿ ತೂಕ, ಅಂದರೆ ಸುಮಾರು 280 ಗ್ರಾಂ. ಅಂಥ 40 ಸೇರಿನ ಮಣವು ಸುಮಾರು 11.2 ಕಿಲೋಗ್ರಾಂ. ಮುಂದೆ ಬ್ರಿಟಿಷ್ ಇಂಡಿಯಾದಲ್ಲಿ ಗೊತ್ತುಮಾಡಿದ 80 ತೊಲದ ಸೇರಿನ ಮಣವಾದರೋ 37.3 ಕಿಲೋಗ್ರಾಂ. ಎರಡಕ್ಕೂ ಹೆಸರು ಮಣವೇ. ಯಾವ ಮಣವೆಂದು ಕೇಳದೆ ಒಪ್ಪಿದ ರೈತನ ಗತಿಯೇನು? ಕೊಳ್ಳುವುದಕ್ಕೊಂದು ಮಾರುವುದಕ್ಕೊಂದು ತೂಕವನ್ನು ಇಟ್ಟುಕೊಳ್ಳಬಾರದೆಂದು ಮೋಶೆಯ ಧರ್ಮಶಾಸ್ತ್ರವು ವಿಧಿಸಿರುವುದು ವ್ಯರ್ಥವಲ್ಲ. ಭಾರತವೆಲ್ಲಕ್ಕೂ ದಶಮಾಂಶ ಪದ್ಧತಿಯ ಒಂದೇ ಅಳತೆಯನ್ನು ವಿಧಿಸಿದ್ದು 1956ರ ಶಾಸನ.

ಹೊಸದುರ್ಗ ತಾಲ್ಲೂಕಿನ ಮತ್ತೋಡಿನಲ್ಲಿ ಬುಕಾನನರು ಕಂಡ ಕೈಗಾರಿಕೆಯು ನಮ್ಮ ಹೆಣ್ಣುಮಕ್ಕಳಿಗೆ ವಿಶೇಷವಾಗಿ ರುಚಿಸತಕ್ಕದ್ದು. ಅಲ್ಲಿ ಗಾಜಿನ ಬಳೆಗಳನ್ನು ಕಪ್ಪು, ಹಸುರು, ಕೆಂಪು, ನೀಲಿ, ಹಳದಿ ಎಂಬ ಐದು ಬಣ್ಣಗಳಲ್ಲಿ ಮಾಡುತ್ತಿದ್ದರು. ಸೌಳನ್ನೂ ಬೆಣಚುಕಲ್ಲಿನ ಪುಡಿಯನ್ನೂ ಕುಲುಮೆಯಲ್ಲಿ ಕರಗಿಸಿ ಗಾಜನ್ನು ಪಡೆಯುವ ಆ ಕ್ರಮವನ್ನು ಬುಕಾನನರು ವಿವರವಾಗಿ ಬರೆದುಕೊಂಡರು. ಗಾಜಿಗೆ ಬಣ್ಣ ಬರುವುದು ಅದರೊಳಗೆ ಸೇರಿದ ಲೋಹಾಂಶಗಳಿಂದ. ಯಾವ ವಸ್ತು ಎಷ್ಟು ಪಾಲೆಂಬುದು ತಪ್ಪಿದರೆ ಬಳೆಯ ಬಣ್ಣವೇ ತಪ್ಪುವುದು. ಶಾಲೆಯ ಮೆಟ್ಟಿಲನ್ನು ಹತ್ತದ ಆ ಬಳೆಗಾರರು ರಸಾಯನಶಾಸ್ತ್ರದ ಮೊದಲ ಪಾಠವನ್ನು ಕೈಯಿಂದಲೇ ಕಲಿತಿದ್ದರು.

ಬುಕಾನನರ ಪ್ರವಾಸವೃತ್ತಾಂತವು 1807ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳಾಗಿ ಪ್ರಕಟವಾಯಿತು. ಅದಕ್ಕೆ ಮುಂಚೆ ಅವರು ನೇಪಾಳಕ್ಕೂ ಹೋಗಿ ಬಂದಿದ್ದರು. 1807ರಿಂದ 1814ರ ವರೆಗೆ ಬಂಗಾಳ ಬಿಹಾರಗಳನ್ನು ಪರಿಶೀಲಿಸಿ, ಕೆಲಕಾಲ ಕಲ್ಕತ್ತೆಯ ಸಸ್ಯೋದ್ಯಾನದ ಅಧಿಕಾರಿಯಾಗಿದ್ದು, 1815ರಲ್ಲಿ ಸ್ವದೇಶಕ್ಕೆ ಹಿಂದಿರುಗಿದರು. ತಾಯಿಯ ಕಡೆಯ ಆಸ್ತಿ ಬಂದುದರಿಂದ ಹ್ಯಾಮಿಲ್ಟನ್ ಎಂಬ ಹೆಸರನ್ನು ಧರಿಸಿದರು. ಗಂಗಾನದಿಯ ಮೀನುಗಳನ್ನು ಕುರಿತ ಅವರ ಗ್ರಂಥವು 1822ರಲ್ಲಿ ಹೊರಬಂದಿತು. ರೋಹು ಮೀನಿಗೆ ಶಾಸ್ತ್ರೀಯ ಹೆಸರನ್ನು ಕೊಟ್ಟವರೂ ಇವರೇ. 1829ನೆಯ ಜೂನ್ 15ನೆಯ ತಾರೀಖು ಅವರು ಕಾಲವಾದರು.

ಈ ಜೀವಿತದಿಂದ ನಮ್ಮ ಪ್ರಯೋಗಶಾಲೆಯ ಮಕ್ಕಳು ಕಲಿಯತಕ್ಕದ್ದು ಏನು? ಅಂಕಿಯ ಪಕ್ಕದಲ್ಲಿ ಮಾನವನ್ನು ಬರೆಯದಿದ್ದರೆ ಆ ಅಂಕಿ ಸತ್ಯವೂ ಅಲ್ಲ, ಸುಳ್ಳೂ ಅಲ್ಲ, ಅಪಾಯ ಮಾತ್ರ. ಹಿಂದಿನ ವೈದ್ಯರು ಔಷಧವನ್ನು ಗ್ರೇನುಗಳಲ್ಲಿ ತೂಗುತ್ತಿದ್ದರು. ಒಂದು ಗ್ರಾಮಿಗೆ 15ಕ್ಕೆ ಮೀರಿದ ಗ್ರೇನುಗಳು. ಒಂದನ್ನು ಇನ್ನೊಂದೆಂದು ಓದಿದರೆ ಔಷಧವೇ ವಿಷವಾದೀತು. 1999ರಲ್ಲಿ ಅಮೆರಿಕದವರು ಮಂಗಳಗ್ರಹಕ್ಕೆ ಕಳುಹಿಸಿದ ನೌಕೆಯೊಂದು ನಾಶವಾದುದೂ, ಒಂದು ತಂಡವು ಪೌಂಡುಗಳಲ್ಲಿ ಕೊಟ್ಟ ಬಲದ ಲೆಕ್ಕವನ್ನು ಇನ್ನೊಂದು ತಂಡವು ನ್ಯೂಟನ್ನುಗಳೆಂದು ತಿಳಿದುದರಿಂದಲೇ. ಅಂಥ ಪಂಡಿತರೇ ಎಡವಿದ ಕಡೆಯಲ್ಲಿ, ಲೀಟರಿಗೂ ಮಿಲಿಲೀಟರಿಗೂ ಭೇದವೆಣಿಸದ ಹುಡುಗಿಯು ಕ್ಷೇಮವಾಗಿರುವಳೆಂದು ನಂಬುವುದು ಹೇಗೆ?

ಅಳತೆಯಲ್ಲಿ ಜಾಗರೂಕಳಾದವಳು ಇತರ ವಿಷಯಗಳಲ್ಲಿಯೂ ಜಾಗರೂಕಳಾಗುವಳು. ಅವಳು ಸೀಸೆಯ ಚೀಟಿಯನ್ನು ಎರಡು ಬಾರಿ ಓದುವಳು. ಆಮ್ಲವನ್ನು ನೀರಿಗೆ ಸ್ವಲ್ಪಸ್ವಲ್ಪವಾಗಿ ಸೇರಿಸುವಳೇ ಹೊರತು ಆಮ್ಲದ ಮೇಲೆ ನೀರನ್ನು ಹೊಯ್ಯಳು. ಜಡೆಯನ್ನೂ ಸೆರಗನ್ನೂ ಬಿಗಿದುಕೊಂಡು, ಕಣ್ಣಿಗೆ ಕನ್ನಡಕವನ್ನು ಧರಿಸಿಯೇ ಒಲೆಯ ಹತ್ತಿರ ನಿಲ್ಲುವಳು. ಕಾದ ಗಾಜೂ ತಣ್ಣಗಿನ ಗಾಜೂ ಕಣ್ಣಿಗೆ ಒಂದೇ ಸಮನಾಗಿ ಕಾಣುವುದೆಂಬುದನ್ನು ಮತ್ತೋಡಿನ ಬಳೆಗಾರರು ಬಲ್ಲರು; ಅವಳೂ ಬಲ್ಲಳು.

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳ ಮನೆಗಳಲ್ಲಿ ಇಂದು ತಾಯಂದಿರಾಗಿರುವ ನಮ್ಮ ಹಳೆಯ ವಿದ್ಯಾರ್ಥಿನಿಯರು, ಮಗುವಿಗೆ ಔಷಧವನ್ನು ಅಳೆಯುವಾಗಲೂ ಅಂಗಡಿಯ ತಕ್ಕಡಿಯ ಮುಂದೆ ನಿಂತಾಗಲೂ ಈ ಅಭ್ಯಾಸವನ್ನು ಬಿಡದಿರಲಿ. ಸರಿಯಾಗಿ ಅಳೆಯುವುದು ಬುದ್ಧಿಯ ಕೆಲಸ. ಅಳೆದುದನ್ನು ಮರೆಮಾಚದೆ ಹೇಳುವುದು ಧರ್ಮದ ಕೆಲಸ. ಎರಡನ್ನೂ ನಮ್ಮ ಹೆಣ್ಣುಮಕ್ಕಳು ಒಟ್ಟಿಗೆ ಕಲಿಯುವಂತೆ ದೇವರು ಅನುಗ್ರಹಿಸಲಿ.