ಪ್ಲೇಗಿನ ಲಸಿಕೆ ಕಂಡುಹಿಡಿದ ಹಾಫ್ಕಿನ್

ನಮ್ಮ ಕೊರ್ಲಿಮ್‌ನ ಪಕ್ಕದಲ್ಲೇ ಹಳೆಯ ಗೋವೆ ಇದೆ. ಒಂದು ಕಾಲಕ್ಕೆ ದೊಡ್ಡ ರಾಜಧಾನಿಯಾಗಿದ್ದ ಆ ಪಟ್ಟಣವು ಮೇಲಿಂದ ಮೇಲೆ ಬಂದ ಸಾಂಕ್ರಾಮಿಕ ಬೇನೆಗಳಿಂದ ಬರಿದಾಯಿತು. ಅಲ್ಲಿಯ ಚರ್ಚುಗಳನ್ನು ನೋಡಿ ಬಂದಾಗಲೆಲ್ಲ, ಇಂಥ ಬೇನೆಗಳೊಡನೆ ಹೋರಾಡಿದ ವಾಲ್ಡೆಮಾರ್ ಹಾಫ್ಕಿನ್ ಅವರು ನಮಗೆ ನೆನಪಾಗುತ್ತಾರೆ.

ಹಾಫ್ಕಿನ್ ಅವರು 1860ರಲ್ಲಿ, ಆಗ ರಷ್ಯಾಕ್ಕೆ ಸೇರಿದ್ದ ಒಡೆಸ್ಸಾ ನಗರದಲ್ಲಿ, ಯಹೂದಿ ಮನೆತನವೊಂದರಲ್ಲಿ ಜನಿಸಿದರು. ಅಲ್ಲಿ ಅವರಿಗೆ ಮೆಚ್ನಿಕಾಫ್ ಎಂಬ ಗುರುಗಳು ದೊರೆತರು. ಈ ಗುರುಗಳು 1882ರಲ್ಲಿ ನಕ್ಷತ್ರಮೀನಿನ ಪಾರದರ್ಶಕವಾದ ಮರಿಗೆ ಗುಲಾಬಿ ಮುಳ್ಳು ಚುಚ್ಚಿಟ್ಟು ಮರುದಿನ ನೋಡಿದರು. ಮರಿಯ ಮೈಯೊಳಗೆ ಅಲೆದಾಡುವ ಜೀವಕಣಗಳು ಬಂದು ಮುಳ್ಳನ್ನು ಮುತ್ತಿಕೊಂಡಿದ್ದವು! ನಮ್ಮ ರಕ್ತದ ಬಿಳಿಯ ಕಣಗಳೂ ಇಂಥ ಕಾವಲುಗಾರರೇ. ಕೆಲವು ರೋಗಾಣುಗಳನ್ನು ನುಂಗಿ ಅರಗಿಸುತ್ತವೆ. ಕೆಲವು ರೋಗಾಣುಗಳಿಗೆ ಅಂಟಿಕೊಳ್ಳುವ ಪ್ರತಿಕಾಯಗಳನ್ನು ತಯಾರಿಸುತ್ತವೆ. ಒಮ್ಮೆ ಕಂಡ ವೈರಿಯ ಗುರುತನ್ನು ವರ್ಷಗಟ್ಟಲೆ ಇಟ್ಟುಕೊಳ್ಳುವ ಕಣಗಳೂ ಉಂಟು. ಸತ್ತ ರೋಗಾಣುಗಳನ್ನು ತೋರಿಸಿ ಈ ಗುರುತು ಹಿಡಿಸಬಹುದು. ಲಸಿಕೆಯ ಗುಟ್ಟು ಇಷ್ಟೇ. ಆದರೆ ಆ ಕಾಲಕ್ಕೆ ಇದು ಇಷ್ಟು ಸ್ಪಷ್ಟವಾಗಿ ಗೊತ್ತಿರಲಿಲ್ಲ.

ಪ್ಯಾರಿಸಿನ ಪಾಶ್ಚರ್ ಸಂಸ್ಥೆಯಲ್ಲಿ ಕಾಲರಾ ಲಸಿಕೆ ಸಿದ್ಧಪಡಿಸಿದ ಹಾಫ್ಕಿನ್ ಅವರು 1893ರಲ್ಲಿ ಭಾರತಕ್ಕೆ ಬಂದರು. 1896ರಲ್ಲಿ ಮುಂಬಯಿಗೆ ಪ್ಲೇಗು ಬಡಿಯಿತು. ಗ್ರಾಂಟ್ ವೈದ್ಯಕೀಯ ಕಾಲೇಜಿನಲ್ಲಿ ಕುಳಿತು ಅವರು ಮಾಂಸದ ಸಾರಿನಲ್ಲಿ ಪ್ಲೇಗಿನ ಅಣುಗಳನ್ನು ಬೆಳೆಸಿದರು. ಸಾರಿನ ಮೇಲೆ ತೇಲಿಬಿಟ್ಟದ್ದು ನಮ್ಮ ಮನೆಗಳಲ್ಲಿರುವ ತುಪ್ಪವನ್ನೇ! ಆ ತುಪ್ಪದ ಹನಿಗಳಿಂದ ಅಣುಗಳು ಜೋಲು ಜೋಲಾಗಿ ಕೆಳಗಿಳಿಯುತ್ತಿದ್ದವು. ಬಳಿಕ ಅವನ್ನು ಕಾಯಿಸಿ ಕೊಂದು ಲಸಿಕೆ ಮಾಡಿದರು. 1897ರ ಜನವರಿ 10ರಂದು ಮೊದಲು ಚುಚ್ಚಿಕೊಂಡದ್ದು ತಮ್ಮ ಮೈಗೇ. ಜ್ವರ ಬಂತು, ನೋವಾಯಿತು. ಆದರೂ ಕೆಲಸ ಬಿಡಲಿಲ್ಲ.

ಅದೇ ವರ್ಷ ಗೋವೆಯಂತೆಯೇ ಪೋರ್ಚುಗೀಸರ ಕೈಯಲ್ಲಿದ್ದ ದಮನ್‌ನಲ್ಲಿ ಪ್ಲೇಗು ಹಬ್ಬಿತು. ಲಸಿಕೆ ಹಾಕಿಸಿಕೊಳ್ಳದವರಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರು ಸತ್ತರು. ಹಾಕಿಸಿಕೊಂಡವರಲ್ಲಿ ನೂರಕ್ಕೆ ಇಬ್ಬರೂ ಸಾಯಲಿಲ್ಲ. 1898ರಲ್ಲಿ ನಮ್ಮ ಹುಬ್ಬಳ್ಳಿಯಲ್ಲಿಯೂ ಸಾವಿರಾರು ಜನ ಈ ಚುಚ್ಚುಮದ್ದು ಪಡೆದರು.

ಇಷ್ಟಾದರೂ ಅವರಿಗೆ ಅಪವಾದ ತಪ್ಪಲಿಲ್ಲ. 1902ರಲ್ಲಿ ಪಂಜಾಬಿನ ಮುಲ್ಕೋವಾಲ್ ಹಳ್ಳಿಯಲ್ಲಿ ಒಂದೇ ಸೀಸೆಯ ಲಸಿಕೆ ಪಡೆದ 19 ಜನರು ಧನುರ್ವಾಯುವಿನಿಂದ ತೀರಿಕೊಂಡರು. ಪ್ರಯೋಗಶಾಲೆಯ ಮೇಲೆ ತಪ್ಪು ಹೊರಿಸಿ, ಹಾಫ್ಕಿನ್ ಅವರನ್ನು ಕೆಲಸದಿಂದ ದೂರವಿಟ್ಟರು. ಆದರೆ ಹಳ್ಳಿಯಲ್ಲಿ ಸೀಸೆ ತೆರೆಯುವಾಗ ಚಿಮಟಿಗೆ ನೆಲಕ್ಕೆ ಬಿದ್ದಿತ್ತು; ಅದನ್ನು ಸರಿಯಾಗಿ ಶುದ್ಧಮಾಡದೆ ಬಳಸಿದ್ದರು. ಒಂದು ಚಿಮಟಿಗೆಗಾಗಿ ಇಂಥವರು ಐದು ವರ್ಷ ನೋಯಬೇಕಾಯಿತಲ್ಲ ಎಂದು ನಮಗೆ ಇಂದಿಗೂ ಬೇಸರವಾಗುತ್ತದೆ. ರೊನಾಲ್ಡ್ ರಾಸ್ ಮೊದಲಾದ ವಿಜ್ಞಾನಿಗಳು ಅವರ ಪರವಾಗಿ ನಿಂತರು. 1907ರಲ್ಲಿ ಅಪವಾದ ಕಳೆಯಿತು.

ಅವರು ಮತ್ತೆ ಕಲಕತ್ತೆಗೆ ಬಂದು ದುಡಿದರು. 1925ರಲ್ಲಿ ಮುಂಬಯಿಯ ಆ ಪ್ರಯೋಗಶಾಲೆಗೆ ಹಾಫ್ಕಿನ್ ಸಂಸ್ಥೆಯೆಂದು ಹೆಸರಿಟ್ಟರು. 1930ರಲ್ಲಿ ಸ್ವಿಟ್ಜರ್ಲೆಂಡಿನ ಲೊಸಾನ್ ನಗರದಲ್ಲಿ ಅವರು ನಿಧನರಾದರು.