ಟೆಸ್ಲಾನ ಆರ್‌ಸಿ ದೋಣಿ

ಆರ್‌ಸಿ ಕ್ರಾಲರ್ ಟ್ರಕ್‌ಗೆ ಹೊಸ ಸರ್ವೋ, ದೊಡ್ಡ ಬ್ಯಾಟರಿ ಅಂತ ದುಡ್ಡು ಸುರಿಯೋರೆಲ್ಲ ಒಂದ್ಸಲ ನಿಕೋಲಾ ಟೆಸ್ಲಾನ ನೆನೀಬೇಕು. ಹುಟ್ಟಿದ್ದು 1856ರಲ್ಲಿ, ಇಂದಿನ ಕ್ರೊಯೇಷಿಯಾದ ಸ್ಮಿಲ್ಯಾನ್‌ನಲ್ಲಿ. 1884ರಲ್ಲಿ ನ್ಯೂಯಾರ್ಕ್‌ಗೆ ಬಂದ. ಎಸಿ ಮೋಟಾರ್ ಕಥೆ ಬಿಡಿ, ನಮ್ಮ ಸಿಲಬಸ್‌ನಲ್ಲೇ ಇದೆ. 1895ರಲ್ಲಿ ಅವನ ಲ್ಯಾಬ್ ಪೂರ್ತಿ ಸುಟ್ಟುಹೋಯ್ತು. ಮೂರೇ ವರ್ಷದಲ್ಲಿ, ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನ ನೀರಿನ ತೊಟ್ಟಿಯಲ್ಲಿ ಪುಟ್ಟ ದೋಣಿಯೊಂದನ್ನು ತಂತಿಯಿಲ್ಲದೆ ಓಡಿಸಿ ತೋರಿಸಿದ!

ಒಳಗೆ ಬ್ಯಾಟರಿ, ದೋಣಿ ಓಡಿಸೋಕೆ ಒಂದು ಮೋಟಾರ್, ಚುಕ್ಕಾಣಿ ತಿರುಗಿಸೋಕೆ ಇನ್ನೊಂದು. ನಮ್ಮ ಟ್ರಕ್‌ನಲ್ಲೂ ಅಷ್ಟೇ ತಾನೆ? ರಿಸೀವರ್ ಮಾತ್ರ ಬೇರೆ. ಅದು ಲೋಹದ ಪುಡಿ ಇರೋ ಕೊಳವೆ, ಹೆಸರು ಕೊಹೀರರ್. ರೇಡಿಯೋ ಅಲೆ ತಾಗಿದ್ರೆ ಪುಡಿಯೊಳಗೆ ಕರೆಂಟ್ ಹರಿಯುತ್ತೆ, ಆದ್ರೆ ತಾನಾಗೇ ನಿಲ್ಲಲ್ಲ. ಹಾಗಾಗಿ ಪ್ರತಿ ಸಿಗ್ನಲ್ ಆದ್ಮೇಲೆ ಕೊಳವೆಯೇ ಮಗುಚಿ, ಪುಡಿ ಸಡಿಲವಾಗಿ, ಮುಂದಿನ ಸಿಗ್ನಲ್‌ಗೆ ರೆಡಿ ಆಗೋ ಹಾಗೆ ಮಾಡಿದ. ನನ್ ಪ್ರಕಾರ ಇದೇ ಅಸಲಿ ಅಪ್‌ಗ್ರೇಡ್.

1898ರ ನವೆಂಬರ್‌ನಲ್ಲಿ ಪೇಟೆಂಟ್ ಸಿಕ್ತು. ಅಮೆರಿಕದ ನೌಕಾಪಡೆ ಕೊಳ್ಳುತ್ತೆ ಅಂದ್ಕೊಂಡಿದ್ದ, ಅವ್ರಿಗೆ ಆಸಕ್ತಿಯೇ ಇರಲಿಲ್ಲ. 1943ರ ಜನವರಿಯಲ್ಲಿ ನ್ಯೂಯಾರ್ಕಿನ ಹೋಟೆಲ್ ರೂಮೊಂದರಲ್ಲಿ ತೀರಿಕೊಂಡಾಗ ಪಕ್ಕದಲ್ಲಿ ಯಾರೂ ಇರಲಿಲ್ಲ.