ತೆರೆಯಿಂದ ಅಳಿಸಿಹೋದ ಹೆಸರು: ಬೆನ್ ಹೆಕ್ಟ್

ಹಾಲಿವುಡ್ ಕಂಡ ಸಮರ್ಥ ಚಿತ್ರಕಥೆಗಾರರಲ್ಲಿ ಬೆನ್ ಹೆಕ್ಟ್ ಪ್ರಮುಖರು. 1894ರಲ್ಲಿ ನ್ಯೂಯಾರ್ಕ್‌ನಲ್ಲಿ ಜನಿಸಿದ ಅವರು ಷಿಕಾಗೋದಲ್ಲಿ ಪತ್ರಕರ್ತರಾಗಿ ಪಳಗಿದರು. ಅಲ್ಲಿ ಕಂಡ ಪಾತಕ ಲೋಕವೇ 'ಅಂಡರ್‌ವರ್ಲ್ಡ್' (1927) ಚಿತ್ರದ ಕಥೆಯಾಗಿ, ಮೊಟ್ಟಮೊದಲ ಆಸ್ಕರ್ ಸಮಾರಂಭದಲ್ಲಿ ಪ್ರಶಸ್ತಿ ತಂದಿತು. 'ಸ್ಕಾರ್‌ಫೇಸ್', 'ನಟೋರಿಯಸ್' ಆನಂತರದವು.

ಯಹೂದಿ ವಲಸಿಗರ ಪುತ್ರ ಹೆಕ್ಟ್‌ರನ್ನು ಹಿಟ್ಲರನ ನರಮೇಧ ಹೋರಾಟಕ್ಕಿಳಿಸಿತು. ಪ್ಯಾಲೆಸ್ಟೀನ್‌ನಲ್ಲಿ ಬ್ರಿಟಿಷ್ ಆಡಳಿತದ ವಿರುದ್ಧ ಶಸ್ತ್ರ ಹಿಡಿದ ಯಹೂದಿ ಗುಂಪುಗಳನ್ನು ಕೊಂಡಾಡಿ 1947ರ ಮೇ ತಿಂಗಳಲ್ಲಿ ಅವರು ಅಮೆರಿಕದಲ್ಲಿ ಪತ್ರಿಕಾ ಜಾಹೀರಾತು ಬರೆದರು. ಬ್ರಿಟಿಷ್ ಸೈನಿಕರು ಸಾಯುತ್ತಿದ್ದ ಹೊತ್ತಿನಲ್ಲಿ ಅದು ಅತಿರೇಕವೇ ಆಗಿತ್ತು. 1948ರಲ್ಲಿ ಬ್ರಿಟನ್ನಿನ ಚಿತ್ರಮಂದಿರ ಮಾಲೀಕರ ಸಂಘ ಅವರ ಹೆಸರಿರುವ ಚಿತ್ರಗಳನ್ನು ಬಹಿಷ್ಕರಿಸಿತು.

ಬ್ರಿಟನ್ ಹಾಲಿವುಡ್ಡಿಗೆ ಬಹುದೊಡ್ಡ ವಿದೇಶಿ ಮಾರುಕಟ್ಟೆ. ಸ್ಟುಡಿಯೋಗಳಿಗೆ ಹೆಕ್ಟ್‌ರ ಬರಹ ಬೇಕಿತ್ತು, ಹೆಸರು ಬೇಡವಾಗಿತ್ತು. 'ವರ್ಲ್‌ಪೂಲ್' ಚಿತ್ರದ ಬ್ರಿಟಿಷ್ ಪ್ರತಿಗಳಲ್ಲಿ ಲೆಸ್ಟರ್ ಬಾರ್‌ಸ್ಟೋ ಎಂಬ ಇಲ್ಲದ ಲೇಖಕನೊಬ್ಬ ಹುಟ್ಟಿಕೊಂಡ! ಹೆಕ್ಟ್‌ರ ಸಂಭಾವನೆಯೂ ಕುಗ್ಗಿತು. ತಮ್ಮ ಜಾಹೀರಾತಿನ ಒಂದು ಪದವನ್ನೂ ಅವರು ಹಿಂತೆಗೆದುಕೊಳ್ಳಲಿಲ್ಲ.

ಕೆಲ ವರ್ಷಗಳ ಬಳಿಕ ಬಹಿಷ್ಕಾರ ತೆರವಾಯಿತು. 1964ರ ಏಪ್ರಿಲ್ 18ರಂದು ಅವರು ನ್ಯೂಯಾರ್ಕ್‌ನಲ್ಲಿ ನಿಧನರಾದರು.